ಹಕಾರದ ಪಾಠ

ಶೆಫೀಲ್ಡ್, ಎರಡನೇ ವರ್ಷ, ಮಂಗಳವಾರ ಒಂಬತ್ತು ಗಂಟೆ.
ಬೋರ್ಡಿನ ಮೇಲೆ ಒಂದು ವಾಕ್ಯ,
ವಾಕ್ಯದ ಹಣೆಗೊಂದು ನಕ್ಷತ್ರ.
'ಯಾರ ಬಾಯಲ್ಲೂ ಹುಟ್ಟದ್ದಕ್ಕೆ ಮಾತ್ರ ಈ ಚುಕ್ಕಿ.
ಹುಟ್ಟಿತೋ, ತಪ್ಪಲ್ಲ. ಬರೆದುಕೊಳ್ಳಿ.'
ಬರೆದುಕೊಂಡೆವು, ಮೂವತ್ತು ಜನ.

ಮೇಡಂ ಬಾಗಿಲ ಫಲಕದಲ್ಲಿ ಹಿಂಚ್ಲಿಫ್,
ಅವರದೇ ಬಾಯಲ್ಲಿ ಇಂಚ್ಲಿಫ್.
ಗಣಿಯವನ ಮಗಳು, ಬಾರ್ನ್ಸ್ಲಿಯವರು.
ಅವರೇ ಹೇಳಿದರು: ನಿಮ್ಮ ಮನೆಮಾತಿನ
ಒಂದೇ ಒಂದು ಸದ್ದು ಹಿಡಿದು ತನ್ನಿ, ಎರಡು ಸಾವಿರ ಪದ.

ಅವ್ವನನ್ನೇ ಕರೆತಂದೆ.
ಆಸ್ಪತ್ರೆಯ ಲಾಂಡ್ರಿಯಲ್ಲಿ ಪಾಳಿ ಮುಗಿಸಿ
ಬ್ಲೀಚು ನಾರುವ ಕೈಯಲ್ಲಿ ಟ್ರಾಮಿನ ಟಿಕೆಟ್ ಮಡಚುತ್ತ ಬಂದಳು.
ಸದ್ದಿಲ್ಲದ ಕೋಣೆ, ಸುತ್ತ ಬೂದು ಸ್ಪಂಜು.
'ಗ್ವಾಡೆಗ್ಯಾಕವ್ವ ಆಸ್ಗೆ ಒಲ್ದವ್ರೆ?'
ಅಷ್ಟು ಹೊತ್ತಿಗೆ ಯಂತ್ರ ಇನ್ನೂ ಎದ್ದಿರಲಿಲ್ಲ.

ಕೆಂಪು ದೀಪ ಹತ್ತಿತು. ಅವ್ವ ನೆಟ್ಟಗಾದಳು.
ಹಾಲಿನ ಚಿತ್ರ ತೋರಿಸಿದೆ: 'ಹಾಲು'.
ಹಕ್ಕಿಗೆ 'ಹಕ್ಕಿ'.
ಅಕ್ಕಿಗೂ 'ಹಕ್ಕಿ'.
ಎಲೆಗೆ 'ಹೆಲೆ', ಆಡಿಗೆ 'ಹಾಡು'.
ಒಂದು ಸೇರು ಅಕ್ಕಿ ಪುರ್ರನೆ ಹಾರಿಹೋಯಿತು,
ಮೇಕೆ ರಾಗ ತೆಗೆಯಿತು, ನನಗೆ ನಗು.
ಪರದೆಯ ಮೇಲೆ ಒಂದೊಂದು ಹಕಾರಕ್ಕೂ
ಒಂದೊಂದು ಚೂರು ಮಂಜು.
ಆಮೇಲೆ ಕಂಡೆ, ಮೇಜಿನ ಕೆಳಗೆ
ಎಡಗೈ ಗೆಣ್ಣುಗಳನ್ನು ಬಲಗೈಯಿಂದ ಮುಚ್ಚಿಕೊಂಡಿದ್ದಾಳೆ.

ಮಳವಳ್ಳಿ ಕಡೆಯ ಶಾಲೆ, ಮೂರನೇ ಕ್ಲಾಸು.
ವೆಂಕಟಾಚಲ ಮೇಷ್ಟ್ರ ಅಡ್ಡಪಟ್ಟಿ,
'ಆಲು' ಅಂದಾಗೆಲ್ಲ ಒಂದು.

ಲೈಬ್ರರಿಯ ನಾಲ್ಕನೇ ಮಹಡಿಯಲ್ಲಿ, ಹೀಟರಿನ ಪಕ್ಕ,
ಹಳೆಯ ಶಾಸನಗಳ ಪಾಠ ಬಿಡಿಸುತ್ತ ಕೂತೆ.
ಪಾಲ್. ಪಕ್ಕಿ. ಪೂ.
ಸಾವಿರ ವರ್ಷದ ಹಿಂದೆ ತುಟಿ ಮುಚ್ಚಿ ತೆರೆಯುತ್ತಿದ್ದರು.
ತುಟಿ ಸಡಿಲಿತು, ಬರೀ ಗಾಳಿ ಉಳಿಯಿತು: ಹಾಲು.
ಗಾಳಿಯೂ ಹೋಯಿತು: ಆಲು.
ಮೇಷ್ಟ್ರು ನಿಂತಿದ್ದದ್ದು ಸವೆದ ದಾರಿಯ ನಡುವೆ.
ಎಂಟು ವರ್ಷದ ಹುಡುಗಿ ಅವರನ್ನು ದಾಟಿ
ಒಂದು ಹೆಜ್ಜೆ ಮುಂದೆ ಹೋಗಿದ್ದಳು, ಅಷ್ಟೆ.

ಇಷ್ಟನ್ನೂ ಬರೆದೆ, ಅಡಿಟಿಪ್ಪಣಿ ಸಮೇತ.
ಅರವತ್ತನಾಲ್ಕು ಅಂಕ ಬಂತು.
ಬರೆಯದೆ ಬಿಟ್ಟದ್ದು ಇನ್ನೊಂದಿದೆ.
ನನಗೆ ಹನ್ನೊಂದು. ಶಾಲೆಯ ಪೇರೆಂಟ್ಸ್ ಈವ್ನಿಂಗ್.
'ಹೈ ಯಾಮ್ ಅರ್ ಮದರ್,' ಅಂದಳು ಅವ್ವ.
ಎಲ್ಲರೆದುರಿಗೇ ತಿದ್ದಿದೆ.
ನನ್ನ ಕೈಯಲ್ಲಿ ಅಡ್ಡಪಟ್ಟಿ ಇರಲಿಲ್ಲ, ಬೇಕಾಗಲೂ ಇಲ್ಲ.
ಆಮೇಲೆ ಮೂರು ವರ್ಷ ಶಾಲೆಯ ಕಡೆ ಬರಲಿಲ್ಲ.
ಪಾಳಿ ಇದೆ, ಅನ್ನುತ್ತಿದ್ದಳು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಹೇಳಿದೆ,
ಹೆಸರು ಬರೆಯೋ ಹಾಗಿಲ್ಲ, 'ಎಫ್ ಒಂದು' ಅಂತ ಇರುತ್ತೆ.
'ಯಾಕೆ, ನಾನೇನ್ ಕಳ್ತನ ಮಾಡಿವ್ನಾ?'
ಪಾಸ್‌ಪೋರ್ಟಿನಲ್ಲಿ ಹನುಮಕ್ಕ. ಬ್ಯಾಡ್ಜಿನಲ್ಲಿ ಹನಾ.
ಬಿಸಿ ಚಾದರಗಳ ಆಚೆಯಿಂದ ಡೋರೀನ್ ಕೂಗುವುದು
'ಅನಾ! ಅನಾ, ಲವ್!'
'ಈ ದೇಸ್ದಾಗೆ ನನ್ನೆಸ್ರ
ಸರ್ಯಾಗ್ ಕರ್ಯೋಳು ಅವ್ಳೊಬ್ಳೇಯ.'

ಟ್ರಾಮಿನಲ್ಲಿ ಮನೆಗೆ ಬರುವಾಗ
ಮುದ್ರಿಸಿಟ್ಟ ದನಿ ಹಿಲ್ಸ್‌ಬರೋ ಎಂದಿತು.
ಕೋಲೂರಿ ಎದ್ದ ಮುದುಕ ಹೆಂಡತಿಗೆ ಹೇಳಿದ, ಇಲ್ಸ್‌ಬ್ರಾ.
'ಇಲ್ಸ್‌ಬ್ರ ಬಂತು ಕಣೆ,' ಅವ್ವ ಚೀಲ ಎತ್ತಿಕೊಂಡಳು.
ನಾನೂ ಕಿಟಕಿಯ ಕಡೆ ತಿರುಗಿ
ಮೆಲ್ಲಗೆ ಅಂದು ನೋಡಿದೆ, ಅವರ ಹಾಗೆ.
ಬರಲಿಲ್ಲ.
ಗಾಜಿನ ಮೇಲೆ ಅಂಗೈಯಗಲ ಆವಿ.